ಕ್ಷೇಮ ಎಂದವರಿಗೆ ಕ್ಲೇಮಿಲ್ಲ

ಮನೆಗೆ ಬಂದವರನ್ನು ಬಸ್ ಸ್ಟಾಪಿನವರೆಗೆ ಹೋಗಿ ಕಳಿಸಿ ಬರುವುದು ಸಜ್ಜನರ ಲಕ್ಷಣ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಆ ಲಕ್ಷಣದಿಂದ ನಮ್ಮ ಮನೆಗೆ ಆದ ಅವಲಕ್ಷಣವನ್ನು ನಿಮ್ಮೆದುರು ತೋಡಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ. (ತೋಡಿಕೊಂಡ ಮೇಲೆ ಸ್ವಲ್ಪ ಹೆಚ್ಚಾಗಿಯೇ ಸೇರುತ್ತದೆ. ಅದು ಬೇರೆ ವಿಷಯ.)

ಸಾವಿರದ ಒಂಬೈನೂರ ಎಂಬತ್ತನಾಲ್ಕನೇ ಇಸವಿಯ ಆಷಾಢ. ಬೆಳಗ್ಗೆ ಹನ್ನೊಂದು ಗಂಟೆ. ತುಮಕೂರಿನ ಅಂಚಿಗಿರುವ ಮರಳೂರಿನ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ಚರ್ಮದ ಬ್ಯಾಗು ಹಿಡಿದ ಸಭ್ಯರೊಬ್ಬರು ನಿಂತಿದ್ದರು.

"ನಾನು ಅನಂತರಾಮಯ್ಯ ಅಂತ. ಇನ್ಷೂರೆನ್ಸ್ ಆಫೀಸಿಂದ ಬಂದಿದೀನಿ. ಪಟ್ಟಾಭಿರಾಮ್ ಅವ್ರನ್ನ ನೋಡ್ಬೇಕಿತ್ತು."

ಪಟ್ಟಾಭಿರಾಮ್ ನಮ್ಮ ಯಜಮಾನರು. ಹೆಸರಿನಲ್ಲಿ ಪಟ್ಟಾಭಿಷೇಕವಿದ್ದರೂ ಬಾಳಿನಲ್ಲಿ ದೊರೆತದ್ದು ಹಿರೇಹಳ್ಳಿಯ ಒಂದು ಕಾರ್ಖಾನೆಯ ಫೋರ್‌ಮನ್ ಪಟ್ಟ. ಅಲ್ಲಿ ಎಂಟು ತಿಂಗಳ ಹಿಂದೆ ಲಾರಿಯಿಂದ ಇಳಿಸುತ್ತಿದ್ದ ಯಂತ್ರವೊಂದು ಹಲಗೆಯ ಮೇಲಿಂದ ಜಾರಿತು. ಕೆಳಗೆ ಬೆಟ್ಟಸ್ವಾಮಿ ಎಂಬ ಹಮಾಲಿಯ ಕಾಲಿತ್ತು. ಇವರು ಹಿಂದೆಮುಂದೆ ನೋಡದೆ ಯಂತ್ರಕ್ಕೆ ಬೆನ್ನು ಕೊಟ್ಟು ನಿಂತರು. ಯಂತ್ರ ನಿಂತಿತು, ಬೆಟ್ಟಸ್ವಾಮಿಯ ಕಾಲು ಉಳಿಯಿತು. ಇವರ ಬೆನ್ನುಮೂಳೆಯ ಒಂದು ಬಿಲ್ಲೆ ಮಾತ್ರ ಯಂತ್ರಕ್ಕೆ ಬದಲಾಗಿ ತಾನು ಜಾರಿತು. ಡಾಕ್ಟರು ಅದನ್ನು ಡಿಸ್ಕ್ ಎಂದರು. ಇಂಥ ರಿಸ್ಕ್ ತೆಗೆದುಕೊಂಡವರಿಗೆ ಆ ಡಿಸ್ಕ್ ಸಹಜ ಎಂದು ನಾನಂದೆ. ಬೆಂಗಳೂರಿನಲ್ಲಿ ಎರಡು ಆಪರೇಷನ್ ಆಯಿತು. ಕಾಲು ಗಂಟೆಗಿಂತ ಹೆಚ್ಚು ಕೂರಬಾರದು, ನಿಲ್ಲಬಾರದು, ಭಾರ ಎತ್ತಲೇಬಾರದು, ಕೆಲಸದ ಮಾತಂತೂ ಎತ್ತಲೂಬಾರದು ಎಂದು ಅಪ್ಪಣೆಯಾಯಿತು.

ಪುಣ್ಯಕ್ಕೆ ಕಾರ್ಖಾನೆಯವರು ಫೋರ್‌ಮನ್ನುಗಳ ಹೆಸರಿನಲ್ಲಿ ವಿಮೆ ಮಾಡಿಸಿದ್ದರು. ಅಪಘಾತದಿಂದ ದುಡಿಯಲಾಗದೆ ಹೋದವರಿಗೆ ಐವತ್ತೆಂಟು ವರ್ಷ ತುಂಬುವ ತನಕ ತಿಂಗಳು ತಿಂಗಳು ಅರ್ಧ ಸಂಬಳ. ಸಂಬಳ ನಿಂತಾಗಿತ್ತು, ಮಗಳು ಎಸ್ಸೆಸ್ಸೆಲ್ಸಿ, ಮಗ ಏಳನೇ ಕ್ಲಾಸು. ಆ ಅರ್ಧವೇ ನಮಗೆ ಪೂರ್ತಿ. ಅದನ್ನು ಕೊಡಬೇಕೋ ಬೇಡವೋ ಎಂದು ಕಣ್ಣಾರೆ ಪರೀಕ್ಷಿಸಲು ಬಂದವರೇ ಈ ಅನಂತರಾಮಯ್ಯ. ಕಾಯಿಲೆಯವರನ್ನು ನೋಡಲು ಬಂದವರಿಗೆ ಏನು ಮಾಡಬೇಕೆಂದು ನಮಗೆ ಗೊತ್ತಿತ್ತು. ಕಾಯಿಲೆ ಇದೆಯೇ ಎಂದು ನೋಡಲು ಬಂದವರಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಇಬ್ಬರಿಗೂ ಒಂದೇ ಉಪಚಾರ ಮಾಡಿದೆವು.

ಚಾಪೆಯ ಮೇಲೆ ಮಲಗಿದ್ದ ಇವರು ಗೋಡೆ ಹಿಡಿದು ಎದ್ದು, ಅಂಗಿ ತೊಟ್ಟು, ಹಲ್ಲು ಕಚ್ಚಿಕೊಂಡು ಹೊರಗೆ ಬಂದರು. ಬಾಯಿ ತೆರೆದಾಗ ಆ ಹಲ್ಲುಗಳಲ್ಲಿ ನಗು ಇತ್ತು.

"ಹೇಗಿದೀರಿ ಪಟ್ಟಾಭಿರಾಮ್?"

"ಚೆನ್ನಾಗಿದೀನಿ ಸಾರ್. ತಮ್ಮಂಥ ದೊಡ್ಡೋರ ಆಶೀರ್ವಾದ."

"ಬೆನ್ನುನೋವು?"

"ಅದೇನ್ ಬಿಡಿ ಸಾರ್, ಮನುಷ್ಯ ಅಂದ್ಮೇಲೆ ಇದ್ದಿದ್ದೇ. ತಾವು ಹೇಗಿದೀರಿ? ಆ ಕುರ್ಚೀಲಿ ಕೂರ್ಬೇಡಿ, ಮೊಳೆ ಇದೆ. ಇದ್ರಲ್ಲಿ ಕೂತ್ಕೊಳಿ."

ಎದ್ದು ತಮ್ಮ ಕುರ್ಚಿ ಕೊಟ್ಟರು. ಕಾಫಿ ಬಂದಾಗ ಲೋಟ ದಾಟಿಸಲು ಇನ್ನೊಮ್ಮೆ ಎದ್ದರು. ಚಕ್ಕುಲಿ ಬಂದಾಗ ಮತ್ತೊಮ್ಮೆ. ನಾನು ಬಾಗಿಲ ಮರೆಯಲ್ಲಿ ನಿಂತು, ಇಷ್ಟು ನೋವಿನಲ್ಲೂ ಎಂಥ ಮರ್ಯಾದಸ್ಥರು ನಮ್ಮವರು ಎಂದು ಹೆಮ್ಮೆಪಡುತ್ತಿದ್ದೆ.

ಅನಂತರಾಮಯ್ಯ ಹೊರಟರು. ನಮ್ಮ ಅತ್ತೆ ಅಲಮೇಲಮ್ಮನವರು ಗುಬ್ಬಿಯವರು. ಗುಬ್ಬಿಯ ಮನೆತನದವರು ಬಂದವರನ್ನು ಬರಿಗೈಯಲ್ಲಿ ಕಳಿಸಿದ ದಾಖಲೆ ಇಲ್ಲ. ನಾಲ್ಕು ತೆಂಗಿನಕಾಯಿ ಚೀಲಕ್ಕೆ ಹಾಕಿದರು. ಆಮೇಲೆ ಒಂದು ಮಾತು ಕೇಳಿಬಂತು. ಅದನ್ನು ಆಡಿದ ನಾಲಿಗೆಯನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ. ಆ ನಾಲಿಗೆ ನನ್ನದು.

"ರೀ, ಪಾಪ ಈ ಬಡಾವಣೆಗೆ ಹೊಸಬ್ರು. ಬಸ್ ಸ್ಟಾಪ್ ತನಕ ಹೋಗಿ ಬಿಟ್ಟು ಬನ್ನಿ."

ಹೋದರು. ಕಾಯಿಯ ಚೀಲವನ್ನು ಅತಿಥಿಯ ಕೈಗೆ ಕೊಡಲಿಲ್ಲ. ಎರಡು ಫರ್ಲಾಂಗ್ ದೂರ. ನೋವು ತಡೆಯಲಾರದೆ ಸಿಕ್ಕಿದ ಲೈಟುಕಂಬಕ್ಕೆಲ್ಲ ಒರಗಬೇಕಾಯಿತಂತೆ. ಸುಮ್ಮನೆ ಒರಗಿದರೆ ಬಂದವರಿಗೆ ಬೇಸರವಾದೀತು ಎಂದು ಪ್ರತಿ ಕಂಬದ ಹತ್ತಿರವೂ ಬಡಾವಣೆಯ ಪರಿಚಯ ಮಾಡಿಕೊಟ್ಟರಂತೆ. "ಅದು ಹಿಟ್ಟಿನ ಗಿರಣಿ ಸಾರ್... ಈ ಸೈಟಿಗೆ ಎರಡು ಸಲ ಪಾಯ ತೆಗೆದು ಮುಚ್ಚಿದಾರೆ ಸಾರ್..." ಮನೆಗೆ ಬಂದವರು ಗೇಟು ಹಿಡಿದು ನಿಂತರು. ನಾನೂ ಅತ್ತೆಯೂ ಒಳಗೆ ತಂದು ಮಲಗಿಸಿದೆವು. ನಾಲ್ಕು ದಿನ ಬೋರಲು ಮಲಗಿದ್ದರು. ಐದನೆಯ ದಿನ ಎದ್ದಾಗ ಕೆನ್ನೆಯ ಮೇಲೆ ಚಾಪೆಯ ಹೆಣಿಗೆ ಅಚ್ಚೊತ್ತಿತ್ತು. ಆ ನಾಲ್ಕು ದಿನಗಳನ್ನು ಪರೀಕ್ಷಿಸಲು ಯಾರೂ ಬರಲಿಲ್ಲ.

ಮೂರು ವಾರಕ್ಕೆ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. "ಅರ್ಜಿದಾರರು ತಾವು ಚೆನ್ನಾಗಿರುವುದಾಗಿ ಸ್ವತಃ ಹೇಳಿಕೆ ಕೊಟ್ಟಿರುತ್ತಾರೆ. ಯಾರೂ ಕೋರದಿದ್ದರೂ ಕುರ್ಚಿಯಿಂದ ಮೂರು ಬಾರಿ ಎದ್ದಿರುತ್ತಾರೆ. ನಾಲ್ಕು ತೆಂಗಿನಕಾಯಿಗಳನ್ನು ಹೊತ್ತು, ಲವಲವಿಕೆಯಿಂದ ಬಡಾವಣೆಯ ಪರಿಚಯ ಮಾಡಿಕೊಡುತ್ತ, ಎರಡು ಫರ್ಲಾಂಗ್ ನಡೆದಿರುತ್ತಾರೆ. ಆದಕಾರಣ ಸದರಿಯವರ ಅಂಗವೈಕಲ್ಯದ ಹೇಳಿಕೆಯು ವಾಸ್ತವಕ್ಕೆ ದೂರವೆಂದು ಪರಿಗಣಿಸಿ ಕ್ಲೇಮನ್ನು ತಿರಸ್ಕರಿಸಲಾಗಿದೆ."

ಕಾಯಿ ಹೇಗಿದ್ದವು ಎಂಬ ಬಗ್ಗೆ ಒಂದಕ್ಷರವೂ ಇರಲಿಲ್ಲ.

"ನೋಡಿದ್ರಾ? ಕ್ಷೇಮ ಅಂದೋರಿಗೆ ಕ್ಲೇಮಿಲ್ಲ!" ಎಂದೆ. ಯಾರೂ ನಗಲಿಲ್ಲ. ಸಾಮಾನ್ಯವಾಗಿ ನನ್ನ ಶ್ಲೇಷೆಗಳಿಗೆ ಸೌಜನ್ಯಕ್ಕಾದರೂ ನಗುವ ಇವರು ಆ ದಿನ ಛಾವಣಿ ನೋಡುತ್ತ ಮಲಗಿದ್ದರು. "ಸುಳ್ಳುಗಾರ ಅಂದ್ಬಿಟ್ರಲ್ಲ ಪದ್ಮಾ ನನ್ನ" ಎಂದರು.

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ದಿನ ಸುಳ್ಳು ರಜೆ ಹಾಕದ ಮನುಷ್ಯ. ಅರ್ಧ ಸಂಬಳ ಹೋದದ್ದು ಹೊಟ್ಟೆಗೆ ತಾಗಿತ್ತು. ಈ ಮಾತು ಅದಕ್ಕಿಂತ ಸ್ವಲ್ಪ ಮೇಲೆ ತಾಗಿತು. ಸಂಬಳವನ್ನೂ ಆ ಮಾತನ್ನೂ ಎರಡನ್ನೂ ವಾಪಸು ತರಿಸದೆ ಬಿಡುವುದಿಲ್ಲ ಎಂದು ಅಡಿಗೆಮನೆಯಲ್ಲಿ, ಒಗ್ಗರಣೆ ಸಾಕ್ಷಿಯಾಗಿ, ಶಪಥ ಮಾಡಿದೆ. ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅರವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂದಿತ್ತು.

ಆಗ ಹೊಳೆಯಿತು ನನಗೆ ಆ ಭವ್ಯ ಉಪಾಯ. ನಾನು ಹುಟ್ಟಿದ್ದು ಕುಣಿಗಲ್ಲಿನಲ್ಲಿ, ಕುದುರೆ ಫಾರಮ್ಮಿನ ಹತ್ತಿರ. (ಸೊಸೆ ಒದೆಯದೆ ಇರುವುದೇ ಪುಣ್ಯ ಎಂದು ಅತ್ತೆ ಆಗಾಗ ನೆನೆಯುತ್ತಿದ್ದರು.) ಆದರೆ ಓದಿದ್ದು ಕಾನ್ವೆಂಟಿನಲ್ಲಿ, ಸಿಸ್ಟರ್ ಬೆನೆಡಿಕ್ಟಾ ಅವರ ಕೈಕೆಳಗೆ. ಚಿಕ್ಕ ಶಬ್ದ ಸಾಕಾಗುವ ಕಡೆ ದೊಡ್ಡ ಶಬ್ದ ಬಳಸುವುದನ್ನು ಅವರು ಕಲಿಸಿದಂತೆ ಭೂಲೋಕದಲ್ಲಿ ಇನ್ನಾರೂ ಕಲಿಸಲಾರರು. ಮದುವೆಯಾದ ಮೇಲೆ ಆ ಇಂಗ್ಲಿಷೆಲ್ಲ ಧೋಬಿ ಚೀಟಿ ಬರೆಯುವುದರಲ್ಲೇ ಸವೆಯುತ್ತಿತ್ತು. ಈಗ ಅದಕ್ಕೊಂದು ಘನ ಉದ್ದೇಶ ದೊರೆಯಿತು.

ಬರೆಯಲು ಕುಳಿತೆ. ಮೊದಲ ಅಧ್ಯಾಯದಲ್ಲಿ ಮಾನವ ಬೆನ್ನೆಲುಬಿನ ಮಹತ್ವ. ಎರಡನೆಯದರಲ್ಲಿ ಹಿರೇಹಳ್ಳಿಯ ದುರಂತ. ಮೂರನೆಯದರಲ್ಲಿ ಭಾರತೀಯ ಅತಿಥಿ ಸತ್ಕಾರದ ಇತಿಹಾಸ, ವೇದಕಾಲದಿಂದ ಅನಂತರಾಮಯ್ಯನವರ ಆಗಮನದವರೆಗೆ. ನಾಲ್ಕನೆಯದರಲ್ಲಿ ಲೈಟುಕಂಬಗಳ ನಕ್ಷೆ.

"ಪದ್ಮಾ, ಬೆನ್ನು ನೋಯ್ತಿದೆ, ಕೆಲ್ಸ ಮಾಡೋಕಾಗಲ್ಲ ಅಂತ ಒಂದು ಸಾಲು ಬರೆದ್ರೆ ಸಾಲದಾ?" ಎಂದರು ಇವರು.

"ಒಂದು ಸಾಲು ಸಾಲದು ರೀ. ಸಾಲುಸಾಲಾಗಿ ಬರೀಬೇಕು."

"ಓದೋರ್ಗೆ ಕಷ್ಟ ಆಗಲ್ವಾ?"

"ನೋಡಿ, ನೋಡಿ! ಅವ್ರು ನಿಮ್ಮನ್ನ ಸುಳ್ಳುಗಾರ ಅಂದಿದಾರೆ, ನೀವು ಅವ್ರ ಕಣ್ಣಿನ ಬಗ್ಗೆ ಯೋಚನೆ ಮಾಡ್ತಿದೀರಿ!"

ದಪ್ಪ ಬಾಂಡ್ ಪೇಪರಿನಲ್ಲಿ ಎಂಬತ್ತಾರು ಹಾಳೆಯಾಯಿತು. ದಾರ ಹಾಕಿ ಕಟ್ಟಿದೆ. ಅಂಚೆ ಕಚೇರಿಯವರು ತೂಗಿ ನೋಡಿ, "ಪಾರ್ಸೆಲ್ಲೇನಮ್ಮ?" ಎಂದರು.

ಉತ್ತರ ಬಂತು. ಬರುವ ಮಂಗಳವಾರ ಹನ್ನೊಂದು ಗಂಟೆಗೆ ತುಮಕೂರಿನ ಕಚೇರಿಯಲ್ಲಿ ವೈದ್ಯಾಧಿಕಾರಿಗಳ ಮುಂದೆ ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ಮನವಿ ವಜಾ. ಸಂತೋಷವೇ. ಆದರೆ ಕಚೇರಿ ಇದ್ದದ್ದು ಮೊದಲನೇ ಮಹಡಿಯಲ್ಲಿ. ಇಪ್ಪತ್ತಾರು ಮೆಟ್ಟಿಲು. ನಾನೇ ಹೋಗಿ ಎಣಿಸಿ ಬಂದೆ. ಇವರು ಹೇಗೋ ಹತ್ತಿ ಹೋದರೆ, ಮೆಟ್ಟಿಲು ಹತ್ತಬಲ್ಲರು, ಆದ್ದರಿಂದ ಆರೋಗ್ಯವಂತರು. ಹತ್ತಲಾಗದೆ ಕೆಳಗೇ ಉಳಿದರೆ, ಗೈರುಹಾಜರು, ಆದ್ದರಿಂದ ವಜಾ. ಅಂಗವಿಕಲರನ್ನು ಪರೀಕ್ಷಿಸುವ ಕಚೇರಿಯನ್ನು ಮಹಡಿಯ ಮೇಲೆ ಇಟ್ಟ ಮಹಾನುಭಾವನಿಗೆ ನಾನು ಮನಸ್ಸಿನಲ್ಲೇ ಮಂಗಳಾರತಿ ಮಾಡಿದೆ.

ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇತ್ತು. ಹೇಗಿದ್ದೀರಿ ಎಂದು ಕೇಳಿದವರಿಗೆ ಚೆನ್ನಾಗಿಲ್ಲ ಎಂದು ಉತ್ತರ ಕೊಡುವುದನ್ನು ನಲವತ್ತಾರು ವರ್ಷದ ಮನುಷ್ಯರಿಗೆ ಆರು ದಿನದಲ್ಲಿ ಕಲಿಸಬೇಕಿತ್ತು. ತಾಲೀಮು ಶುರುವಾಯಿತು. ನಾನೇ ಡಾಕ್ಟರು.

"ಹೇಗಿದೀರಿ?"

"ಚೆನ್ನಾ..."

"ರೀ!"

"ಸರಿ, ಸರಿ. ಸ್ವಲ್ಪ ನೋವಿದೆ."

"ಸ್ವಲ್ಪ ಬೇಡ. ಎಷ್ಟು ನೋವಿದೆ?"

"ನಿಮಗೆ ತೊಂದ್ರೆ ಆಗೋಷ್ಟೇನಿಲ್ಲ ಡಾಕ್ಟ್ರೆ."

ನಾನು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಅತ್ತೆ ದೇವರಮನೆಯಿಂದ ಬಂದರು. "ಪದ್ದೂ, ನನ್ ಮಗನ ಬಾಯಲ್ಲಿ ಕೆಟ್ಟದ್ದು ಆಡಿಸ್ಬೇಡ ಕಣೇ. ಮೇಲೆ ಅಸ್ತು ದೇವತೆಗಳು ಓಡಾಡ್ತಿರ್ತಾರೆ. ಚೆನ್ನಾಗಿಲ್ಲ ಅಂದ್ರೆ ಅಸ್ತು ಅಂದ್ಬಿಡ್ತಾರೆ."

"ಅತ್ತೆ, ಅಸ್ತು ದೇವತೆಗಳು ಅಸ್ತು ಅಂದ್ರೆ ಆಗ್ಲಿಲ್ಲ. ಆ ಆಫೀಸಿನ ದೇವತೆಗಳು ಅಸ್ತು ಅನ್ಬೇಕು."

"ಹಾಗಾದ್ರೆ ಹೀಗೆ ಹೇಳ್ಲಿ. ನಾನು ಚೆನ್ನಾಗಿದೀನಿ, ಬೆನ್ನು ಮಾತ್ರ ಚೆನ್ನಾಗಿಲ್ಲ ಅಂತ."

"ಬೆನ್ನೇನು ಪಕ್ಕದ ಮನೆಯೋರದಾ ಅತ್ತೆ?"

ಈ ಜಗಳದ ನಡುವೆ ಮೊಸರಿನ ಪುಟ್ಟಗಂಗಮ್ಮ ಬಂದಳು. ಊರ್ಡಿಗೆರೆಯವಳು, ಬೆಟ್ಟಸ್ವಾಮಿಯ ಹೆಂಡತಿ. ಗಂಡನ ಕಾಲು ಉಳಿದ ದಿನದಿಂದ ನಮ್ಮ ಮನೆಗೆ ಮೊಸರು ತಪ್ಪಿಸಿರಲಿಲ್ಲ, ದುಡ್ಡು ಕೊಟ್ಟರೆ ಮುಟ್ಟುತ್ತಿರಲಿಲ್ಲ. ಕೊಡಲು ಹೋದರೆ, "ನಮ್ಮನೆಯೋನ್ ಕಾಲ್ಗೆ ಎಷ್ಟಾಗ್ತದೆ ಏಳಿ, ಕಳ್ಕಂಡು ಮಿಕ್ಕಿದ್ ಈಸ್ಕತೀನಿ" ಎನ್ನುತ್ತಿದ್ದಳು. ಮೆಟ್ಟಿಲಿನ ಕಥೆ ಕೇಳಿ ನಕ್ಕುಬಿಟ್ಟಳು.

"ಅಯ್ಯೋ ಬುಡ್ರವ್ವ, ಅಯ್ನೋರು ಯಾಕ್ ಅತ್ತಬೇಕು? ನಮ್ಮೋನು ಇವಾಗ ಮಂಡೀಲಿ ದಿನಾ ಕೊಬ್ರಿ ಮೂಟೆ ಒತ್ತು ಆಕ್ತಾವ್ನೆ. ಅಯ್ನೋರು ಒಂದ್ ಮೂಟೆಗಿಂತ ಎಚ್ಗೆ ತೂಗ್ತಾರಾ?"

ಇವರಿಗೆ ಸಂಕೋಚ. ನನಗೆ ಕೃತಜ್ಞತೆ. ಅತ್ತೆಗೆ ಮಾತ್ರ ಮಗನನ್ನು ಕೊಬ್ಬರಿಗೆ ಹೋಲಿಸಿದ್ದು ಸ್ವಲ್ಪ ಹಿಡಿಸಲಿಲ್ಲ.

ಮಂಗಳವಾರ ಬೆಟ್ಟಸ್ವಾಮಿ ಮಂಡಿಯಿಂದ ಯಲ್ಲಯ್ಯ ಎಂಬ ಜೊತೆಗಾರನನ್ನು ಕರೆತಂದ. ಕಚೇರಿಯ ಬೀದಿಯ ತಿರುವಿನಲ್ಲಿ ಜಟಕಾ ಇಳಿದು, ಜೊತೆಗೆ ತಂದಿದ್ದ ನಮ್ಮ ಕೈಕುರ್ಚಿಯಲ್ಲಿ ಇವರನ್ನು ಕೂರಿಸಿ, ಇಬ್ಬರೂ ಎತ್ತಿಕೊಂಡು ಹೊರಟರು. ಮುಂದೆ ನಾನು, ಹಿಂದೆ ತುಳಸಿ ಹಿಡಿದು ಅತ್ತೆ. ಹೋಟೆಲಿನ ಮುಂದೆ ನಿಂತಿದ್ದವರು ಯಾವ ವಾರ್ಡಿನಲ್ಲಿ ಗೆದ್ದಿದ್ದಾರೆ ಎಂದು ಕೇಳಿದರು. ಒಬ್ಬ ಪುಣ್ಯಾತ್ಮ ಚಪ್ಪಾಳೆಯನ್ನೂ ತಟ್ಟಿದ. ಅಷ್ಟು ಸಾಲದೆಂಬಂತೆ ತುಮಕೂರಿನಲ್ಲಿ ಇವರನ್ನು ಬಲ್ಲವರೆಲ್ಲ ಅವತ್ತೇ ಅದೇ ಬೀದಿಗೆ ಬಂದಿದ್ದರು.

"ಏನ್ ಪಟ್ಟಾಭಿ, ಚೆನ್ನಾಗಿದೀಯೇನಯ್ಯಾ?"

"ಚೆನ್ನಾಗಿದೀನಿ, ಚೆನ್ನಾಗಿದೀನಿ! ಮನೇಲೆಲ್ಲ ಸೌಖ್ಯಾನಾ?" ಇವರು ಕುರ್ಚಿಯ ಮೇಲಿಂದ ಎರಡೂ ಕೈ ಮುಗಿಯುತ್ತಿದ್ದರು. ಸರಿಯಾಗಿ ವಿಮಾ ಕಚೇರಿಯ ಕಿಟಕಿಯ ಕೆಳಗೆ.

"ಬಾಯ್ಮುಚ್ರೀ!" ಎಂದೆ ಹಲ್ಲಿನ ನಡುವೆ.

"ಕೇಳಿದೋರ್ಗೆ ಉತ್ರ ಕೊಡ್ದೆ ಹೇಗೆ ಹೋಗೋದು ಪದ್ಮಾ?"

ಮೆಟ್ಟಿಲು ಇಕ್ಕಟ್ಟು. ಬೆಟ್ಟಸ್ವಾಮಿ ಹಿಮ್ಮುಖವಾಗಿ ಹತ್ತುತ್ತ, "ನಿಧಾನ ಕಣ್ಲಾ ಯಲ್ಲ, ಮೂಟೆ ಅಲ್ಲ ಇದು, ಅಯ್ನೋರು" ಎನ್ನುತ್ತಿದ್ದ. ಅವನ ಬೆವರು ಇವರ ಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಮೇಲೆ ಕುರ್ಚಿ ಇಳಿಸಿದಾಗ ಅವನು ತನ್ನ ಹೆಗಲ ಮೇಲಿನ ವಲ್ಲಿಯಿಂದ ಮೊದಲು ಒರೆಸಿದ್ದು ತನ್ನ ಮುಖವನ್ನಲ್ಲ, ಇವರ ಪಾದವನ್ನು. ನಾನು ಆ ಕಡೆ ತಿರುಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ತಿಥಿಯನ್ನು ಬಹಳ ಆಸಕ್ತಿಯಿಂದ ನೋಡಿದೆ.

"ಪೇಶೆಂಟ್ ಒಬ್ರೇ ಒಳಗೆ" ಎಂದ ಜವಾನ. ಬೆಟ್ಟಸ್ವಾಮಿ, ಯಲ್ಲಯ್ಯ ಇವರನ್ನು ಒಳಗಿನ ಬೆಂಚಿನ ಮೇಲೆ ಕೂರಿಸಿ ಹೊರಗೆ ಬಂದರು. ಬಾಗಿಲು ಮುಚ್ಚಿತು.

ಹತ್ತು ನಿಮಿಷ. ಹದಿನೈದು ನಿಮಿಷ. ಆಮೇಲೆ ಒಳಗಿನಿಂದ ನಗು ಕೇಳಿಸಿತು. ಅದೂ ಇಬ್ಬರದು! ನನ್ನ ಎದೆ ಇಪ್ಪತ್ತಾರೂ ಮೆಟ್ಟಿಲು ಇಳಿದು ಬೀದಿಗೆ ಹೋಯಿತು.

"ಮುಗೀತು ಅತ್ತೆ. ಚೆನ್ನಾಗಿದೀನಿ ಅಂದಿದಾರೆ."

"ಅಂದ್ರೆ ಅನ್ಲಿ ಬಿಡೇ" ಎಂದರು ಅತ್ತೆ. ಆದರೆ ಕೈಯಲ್ಲಿದ್ದ ತುಳಸಿಯ ಎಲೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು.

ಬಾಗಿಲು ತೆರೆಯಿತು. ಒಳಗೆ ಕರೆದರು. ವೈದ್ಯಾಧಿಕಾರಿ ಚಂದ್ರಶೇಖರಯ್ಯನವರು ಅರವತ್ತರ ಆಸುಪಾಸಿನವರು, ಕಪ್ಪು ಚೌಕಟ್ಟಿನ ಕನ್ನಡಕ, ಎತ್ತರದ ಕುರ್ಚಿಯಲ್ಲಿ ಕೋಲು ನುಂಗಿದವರಂತೆ ನೆಟ್ಟಗೆ ಕೂತಿದ್ದರು. ಇವರು ಬೆಂಚಿನ ಮೇಲೆ ಮಲಗಿದ್ದರು.

"ಕೂತ್ಕೊಳಮ್ಮ. ನಾನು ಒಳಗೆ ಬಂದ ತಕ್ಷಣ ಇವ್ರು ಎದ್ದು ನಿಲ್ಲೋಕೆ ಹೋದ್ರು. ಅರ್ಧ ನಮಸ್ಕಾರದಲ್ಲೇ ಸಿಕ್ಕಾಕ್ಕೊಂಡ್ರು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಆ ಸ್ಥಿತೀಲೇ ನನ್ನ ಕೇಳ್ತಾರೆ, ತಾವು ಚೆನ್ನಾಗಿದೀರಾ ಸಾರ್ ಅಂತ! ನಗದೆ ಏನ್ಮಾಡ್ಲಿ? ನಾನೇ ಹಿಡಿದು ಮಲಗಿಸ್ಬೇಕಾಯ್ತು. ಕಾಲು ಎತ್ತಿ ನೋಡ್ದೆ, ಎಕ್ಸ್‌ರೇ ನೋಡ್ದೆ. ಈ ಬೆನ್ನಲ್ಲಿ ಕೆಲ್ಸಕ್ಕೆ ಹೋಗೋದು ಸಾಧ್ಯಾನೇ ಇಲ್ಲ. ಬರೆದು ಸೈನ್ ಮಾಡಿದೀನಿ. ಮುಂದಿನ ತಿಂಗಳಿಂದ ಬರತ್ತೆ, ಹಿಂದಿನದೂ ಸೇರಿ."

ನನಗೆ ಮಾತು ಹೊರಡಲಿಲ್ಲ. (ಇದು ನನ್ನ ಜೀವನದಲ್ಲಿ ಎರಡನೆಯ ಸಲ. ಮೊದಲನೆಯದು ಮದುವೆಯ ದಿನ.) ಇವರು ಮಲಗಿದಲ್ಲಿಂದಲೇ ಮೆಲ್ಲಗೆ ಕೇಳಿದರು.

"ಸಾರ್, ಆ ಸುಳ್ಳು ಅಂತ ಬರೆದಿದ್ರಲ್ಲ..."

"ಹೊಡೆದು ಹಾಕಿದೀನಿ ಪಟ್ಟಾಭಿರಾಮ್. ಹಿಂದೆ ಬಂದೋರಿಗೆ ನಿಮ್ಮ ಮರ್ಯಾದೆ ಕಾಣಿಸ್ತು, ಬೆನ್ನು ಕಾಣಿಸ್ಲಿಲ್ಲ. ಅಷ್ಟೆ."

ಇವರು ಕಣ್ಣು ಮುಚ್ಚಿಕೊಂಡರು. ಅಪಘಾತವಾದ ಮೇಲೆ ಮೊದಲ ಸಲ ಆ ದವಡೆ ಸಡಿಲವಾದದ್ದನ್ನು ನೋಡಿದೆ. ಬಾಗಿಲಲ್ಲಿ ಬೆಟ್ಟಸ್ವಾಮಿ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದ. ಅತ್ತೆ ತುಳಸಿಯ ಅರ್ಧವನ್ನು ಮಗನ ತಲೆಯ ಮೇಲಿಟ್ಟು, ಉಳಿದರ್ಧವನ್ನು ಯಾರಿಗೆಂದು ಒಂದು ಕ್ಷಣ ಯೋಚಿಸಿ, ಬೆಟ್ಟಸ್ವಾಮಿಯ ತಲೆಯ ಮೇಲಿಟ್ಟರು. ನಾನು ಮನಸ್ಸಿನಲ್ಲೇ ಎಲ್ಲರಿಗೂ ನಮಸ್ಕಾರ ಹೇಳಿದೆ. ಮೊಸರಿಗೆ, ಮಂಡಿಗೆ, ಡಾಕ್ಟರ ಕನ್ನಡಕಕ್ಕೆ, ಜಟಕಾದ ಕುದುರೆಗೆ. ನಮಗೆ ತೊಂದರೆ ಕೊಟ್ಟ ಅನಂತರಾಮಯ್ಯನವರಿಗೂ ಒಂದು ಹೇಳಿಬಿಟ್ಟೆ, ಕೈಯಲ್ಲಿ ಹೇಗೂ ಮಿಕ್ಕಿತ್ತು.

ಅಲ್ಲಿಗೆ ಎದ್ದು ಬಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಎಂಬತ್ತಾರು ಹಾಳೆ ಬರೆದವಳ ಜೀವ ಕೇಳಬೇಕಲ್ಲ! ಡಾಕ್ಟರು ಬೆನ್ನು ನೋಡಿ ಬರೆದರು, ನಿಜ. ಆದರೆ ಅವರು ಬೆನ್ನನ್ನು ನೋಡುವಂತೆ ಮಾಡಿದ್ದು ಯಾವುದು? ಸಿಸ್ಟರ್ ಬೆನೆಡಿಕ್ಟಾ ಅವರ ಆತ್ಮಕ್ಕೆ ಒಂದು ಸಣ್ಣ ಮೆಚ್ಚುಗೆ ತಲುಪಿಸುವುದು ಶಿಷ್ಯೆಯ ಕರ್ತವ್ಯವಲ್ಲವೆ?

"ಡಾಕ್ಟ್ರೆ, ನಾನೊಂದು ಮನವಿ ಬರೆದು ಕಳಿಸಿದ್ದೆ..."

ಅವರ ಮುಖ ಅರಳಿತು. "ಓಹೋ, ನೀವೇನಾ ಅದನ್ನ ಬರೆದೋರು! ಬಹಳ ಉಪಕಾರ ಆಯ್ತಮ್ಮ. ನಾಲ್ಕು ದಿನದಿಂದ ನನ್ನನ್ನ ಎತ್ತಿ ಹಿಡಿದಿರೋದೇ ಅದು."

ನಾನು ಇವರ ಕಡೆ ಒಂದು ನೋಟ ಬೀರಿದೆ. ಒಂದು ಸಾಲು ಸಾಲದಾ ಎಂದು ಕೇಳಿದ್ದರಲ್ಲ, ಆ ಲೆಕ್ಕದ ನೋಟ. ಆಮೇಲೆ ಸೆರಗು ಸರಿಮಾಡಿಕೊಂಡು, ಆದಷ್ಟು ವಿನಯದಿಂದ ಕೇಳಿದೆ.

"ಅದ್ರಲ್ಲಿ ಯಾವ ಭಾಗ ತಮಗೆ ತುಂಬಾ ಹಿಡಿಸ್ತು ಸಾರ್?"

ಚಂದ್ರಶೇಖರಯ್ಯನವರು ಮೇಜು ಹಿಡಿದು ಮೆಲ್ಲಗೆ ಮುಂದಕ್ಕೆ ಬಾಗಿ, ಕುರ್ಚಿಗೂ ತಮ್ಮ ಸೊಂಟಕ್ಕೂ ನಡುವೆ ಕೈ ಹಾಕಿ, ನನ್ನ ಕಟ್ಟನ್ನು ಹೊರಗೆ ತೆಗೆದರು. ದಾರ ಬಿಚ್ಚಿರಲಿಲ್ಲ. ಅದನ್ನು ಒಮ್ಮೆ ಪ್ರೀತಿಯಿಂದ ತಟ್ಟಿದರು.

"ಮಧ್ಯದ ಭಾಗಾನಮ್ಮ. ನನಗೂ ಹತ್ತು ವರ್ಷದಿಂದ ಬೆನ್ನುನೋವು, ಈ ಕುರ್ಚಿಗೆ ಇಷ್ಟು ಸರಿಯಾಗಿ ಕೂರೋ ಒರಗುದಿಂಬು ಎಲ್ಲೂ ಸಿಕ್ಕಿರ್ಲಿಲ್ಲ. ಇನ್ನೊಂದು ಇಪ್ಪತ್ತು ಹಾಳೆ ಸೇರಿಸಿ ಕೊಡೋಕಾಗತ್ತಾ?"